ಯೂರೋಪಿನ ಮಹಾ ಕೆಥೆಡ್ರಲುಗಳು: ಅವು ನಿಂತ ಬಗೆ, ಬಿದ್ದ ಬಗೆ

2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್ ನಗರದ ನೋತ್ರ್ ದಾಮ್ ಕೆಥೆಡ್ರಲಿನ ಅಟ್ಟದಲ್ಲಿ ಬೆಂಕಿ ಹೊತ್ತಿಕೊಂಡಿತು. ಎಚ್ಚರಿಕೆಯ ಸೂಚನೆ ಬಂದಿತಾದರೂ ಅದು ತಪ್ಪಾಗಿ ಅರ್ಥವಾಗಿ, ಕಾವಲುಗಾರನು ಮೊದಲು ಬೇರೊಂದು ಅಟ್ಟವನ್ನು ನೋಡಿಬಂದನು. ಹೀಗೆ ಸುಮಾರು ಅರ್ಧ ಗಂಟೆ ಕಳೆದುಹೋಯಿತು. ಅಷ್ಟರಲ್ಲಿ ಏಳೆಂಟು ನೂರು ವರ್ಷಗಳಿಂದ ಒಣಗಿದ್ದ ಓಕ್ ಮರದ ತೊಲೆಗಳು ಧಗಧಗಿಸತೊಡಗಿದ್ದವು. ರಾತ್ರಿ ಎಂಟಕ್ಕೆ ಸ್ವಲ್ಪ ಮುಂಚೆ, ನದಿಯ ಎರಡೂ ದಡಗಳಲ್ಲಿ ನೆರೆದಿದ್ದ ಸಾವಿರಾರು ಜನರ ಕಣ್ಣೆದುರಿಗೇ 96 ಮೀಟರ್ ಎತ್ತರದ ಶಿಖರವು ಮುರಿದು ಒಳಕ್ಕೆ ಕುಸಿಯಿತು. ಇಡೀ ಛಾವಣಿ ಬೂದಿಯಾಯಿತು. ಆದರೆ ಮರುದಿನ ಬೆಳಿಗ್ಗೆ ಬಾಗಿಲು ತೆರೆದು ನೋಡಿದವರಿಗೆ ಒಳಗೆ ಪೀಠಗಳು, ಕಂಬಗಳು, ಬಣ್ಣದ ಗಾಜಿನ ಮೂರು ಮಹಾ ಚಕ್ರ ಕಿಟಕಿಗಳು ಬಹುಮಟ್ಟಿಗೆ ಉಳಿದಿದ್ದುದು ಕಂಡಿತು. ಮೇಲೆ ಕಲ್ಲಿನ ಕಮಾನುಛಾವಣಿಯು ಕೆಲವೆಡೆ ತೂತುಬಿದ್ದಿತ್ತೇ ಹೊರತು ನಿಂತೇ ಇದ್ದಿತು.

ಹೊರಗಿನಿಂದ ಕಾಣುವ ಛಾವಣಿ ಸುಟ್ಟುಹೋದ ಮೇಲೂ ಒಳಗಿನ ಛಾವಣಿ ಉಳಿದುದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಯೂರೋಪಿನ ಕೆಥೆಡ್ರಲುಗಳ ಚರಿತ್ರೆಯ ಬಹುಭಾಗ ತಾನಾಗಿಯೇ ತೆರೆದುಕೊಳ್ಳುತ್ತದೆ.

ಪೀಠವೇ ಮೂಲ

ಕೆಥೆಡ್ರಲ್ ಎಂದರೆ ದೊಡ್ಡ ಇಗರ್ಜಿ ಎಂಬುದು ಸಾಮಾನ್ಯ ತಿಳಿವಳಿಕೆ. ಇದು ಪೂರ್ತಿ ಸರಿಯಲ್ಲ. ಗ್ರೀಕ್ ಭಾಷೆಯಲ್ಲಿ 'ಕಥೆದ್ರಾ' ಎಂದರೆ ಆಸನ. ಒಂದು ಪ್ರಾಂತದ ಧರ್ಮಾಧಿಕಾರಿಯಾದ ಬಿಷಪ್ಪನ ಪೀಠ ಯಾವ ಇಗರ್ಜಿಯಲ್ಲಿ ಇರುತ್ತದೆಯೋ ಅದು ಕೆಥೆಡ್ರಲ್. ಗಾತ್ರಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಜರ್ಮನಿಯ ಉಲ್ಮ್ ನಗರದಲ್ಲಿ 161 ಮೀಟರಿಗೂ ಮಿಕ್ಕಿದ ಶಿಖರವುಳ್ಳ ಇಗರ್ಜಿಯಿದೆ, ಅದು ಕೆಥೆಡ್ರಲ್ ಅಲ್ಲ. ರೋಮಿನ ಜಗತ್ಪ್ರಸಿದ್ಧ ಸಂತ ಪೀಟರನ ಬೆಸಿಲಿಕವೂ ಆ ನಗರದ ಕೆಥೆಡ್ರಲ್ ಅಲ್ಲ. ಆ ಗೌರವ ಲ್ಯಾಟರನ್ನಿನ ಸಂತ ಜಾನ್ ಬೆಸಿಲಿಕಕ್ಕೆ ಸೇರಿದ್ದು.

ನಾಲ್ಕನೆಯ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನ ಆಶ್ರಯ ದೊರೆತ ಮೇಲೆ ಕ್ರೈಸ್ತರಿಗೆ ದೊಡ್ಡ ಕಟ್ಟಡಗಳು ಬೇಕಾದವು. ರೋಮನರ ದೇವಾಲಯದ ಮಾದರಿ ಅವರಿಗೆ ಒದಗಲಿಲ್ಲ. ಅಲ್ಲಿ ದೇವತೆಗೆ ಒಳಗೆ ಸ್ಥಳ, ಭಕ್ತರಿಗೆ ಹೊರಗೆ. ಕ್ರೈಸ್ತರಿಗೆ ಬೇಕಾದುದು ಸಭೆ ಸೇರುವ ಚಾವಡಿ. ಆದುದರಿಂದ ಅವರು ನ್ಯಾಯಸ್ಥಾನಕ್ಕೂ ವ್ಯಾಪಾರಕ್ಕೂ ರೋಮನರು ಬಳಸುತ್ತಿದ್ದ ಬೆಸಿಲಿಕ ಎಂಬ ಉದ್ದನೆಯ ಕಟ್ಟಡದ ರೂಪವನ್ನು ಆರಿಸಿಕೊಂಡರು. ನಡುವೆ ಎತ್ತರದ ಅಂಕಣ, ಎರಡು ಪಕ್ಕಗಳಲ್ಲಿ ಕಂಬಗಳ ಸಾಲಿನಾಚೆ ತಗ್ಗಾದ ಮೊಗಸಾಲೆಗಳು, ತುದಿಯಲ್ಲಿ ಅರ್ಧವೃತ್ತಾಕಾರದ ಗರ್ಭಭಾಗ. ನಡುವಣ ಅಂಕಣಕ್ಕೆ 'ನೇವ್' ಎಂದು ಹೆಸರು. ಅದು ಹಡಗು ಎಂಬರ್ಥದ ಲ್ಯಾಟಿನ್ 'ನಾವಿಸ್' ಶಬ್ದದಿಂದ ಬಂದುದು. ಸಂಸ್ಕೃತದ 'ನೌ' ಶಬ್ದಕ್ಕೆ ಅದು ದಾಯಾದಿ. ಮುಂದೆ ಅಡ್ಡಲಾಗಿ ಎರಡು ತೋಳುಗಳು ಸೇರಿ ಕಟ್ಟಡದ ತಳವಿನ್ಯಾಸವು ಶಿಲುಬೆಯ ಆಕಾರವನ್ನು ಪಡೆಯಿತು.

ಈ ಹಳೆಯ ಬೆಸಿಲಿಕಗಳ ಮಾಡು ಮರದ್ದು. ಮರದ ಮಾಡು ಹಗುರ, ಅಗ್ಗ. ಅದರ ಶತ್ರು ಒಂದೇ, ಬೆಂಕಿ. ಮೇಣದಬತ್ತಿಯ ಕಿಡಿ, ಸಿಡಿಲು, ಶತ್ರುವಿನ ಪಂಜು, ಸೀಸದ ಹೊದಿಕೆ ಸರಿಪಡಿಸುವವನ ಕುಲುಮೆ, ಯಾವುದಾದರೂ ಸಾಕು. ಮಧ್ಯಯುಗದ ಯಾವ ಕೆಥೆಡ್ರಲಿನ ಚರಿತ್ರೆಯನ್ನು ತೆರೆದರೂ ಒಂದಲ್ಲ ಒಂದು ಪುಟದಲ್ಲಿ ಅದು ಸುಟ್ಟ ವಿಷಯ ಬಂದೇ ಬರುತ್ತದೆ. ಹೀಗಾಗಿ ಮರದ ಮಾಡಿನ ಕೆಳಗೆ ಕಲ್ಲಿನದೇ ಇನ್ನೊಂದು ಛಾವಣಿಯನ್ನು ಕಟ್ಟುವ ಆಸೆ ಹುಟ್ಟಿತು. ಮೇಲಿನದು ಮಳೆಯಿಂದ ಕಲ್ಲನ್ನು ಕಾಪಾಡುತ್ತದೆ. ಕೆಳಗಿನದು ಬೆಂಕಿಯಿಂದ ಜನರನ್ನು ಕಾಪಾಡುತ್ತದೆ. 2019ರಲ್ಲಿ ನೋತ್ರ್ ದಾಮಿನಲ್ಲಿ ನಡೆದುದು ಇದೇ. ಆ ಕಲ್ಲಿನ ಛಾವಣಿ ತನ್ನ ಕೆಲಸವನ್ನು ಮಾಡಿತು.

ಕಮಾನಿನ ನೂಕು

ಆದರೆ ಕಲ್ಲಿನ ಛಾವಣಿಯನ್ನು ಕಟ್ಟುವುದು ಸುಲಭದ ಮಾತಲ್ಲ. ಇದೇ ಕಾಲದಲ್ಲಿ ಕರ್ನಾಟಕದ ಶಿಲ್ಪಿಗಳು ಕಂಬದ ಮೇಲೆ ತೊಲೆಯನ್ನಿರಿಸಿ, ತೊಲೆಯ ಮೇಲೆ ಚಪ್ಪಡಿಯನ್ನು ಹಾಸಿ, ಮೂಲೆಗಳಿಂದ ಕಲ್ಲುಗಳನ್ನು ಮುಂದಕ್ಕೆ ಚಾಚುತ್ತ ಭುವನೇಶ್ವರಿಗಳನ್ನು ಕಟ್ಟುತ್ತಿದ್ದರು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಂಡವರಿಗೆ ಈ ಕ್ರಮ ಪರಿಚಿತ. ಇಲ್ಲಿ ಭಾರವೆಲ್ಲ ನೇರವಾಗಿ ಕೆಳಗಿಳಿಯುತ್ತದೆ, ಕಟ್ಟಡವು ಭದ್ರ. ಆದರೆ ಒಂದು ಕಂಬಕ್ಕೂ ಇನ್ನೊಂದಕ್ಕೂ ನಡುವಣ ಅಂತರ ಹೆಚ್ಚಿದಂತೆ ಕಲ್ಲಿನ ತೊಲೆ ತನ್ನ ಭಾರದಿಂದಲೇ ಬಿರಿಯುತ್ತದೆ. ಹನ್ನೆರಡು, ಹದಿನಾರು ಮೀಟರ್ ಅಗಲದ ಚಾವಡಿಗೆ ಕಲ್ಲಿನ ಮುಚ್ಚಳ ಬೇಕಾದರೆ ಕಮಾನೇ ಗತಿ. ಕಮಾನಿಗೆ ಒಂದು ದುರ್ಗುಣವಿದೆ: ಅದು ಕೆಳಕ್ಕೆ ಒತ್ತುವುದರ ಜೊತೆಗೆ ತನ್ನ ಕಾಲುಗಳನ್ನು ಹೊರಕ್ಕೆ ನೂಕುತ್ತದೆ. ಗೋಡೆ ಎತ್ತರವಾದಷ್ಟೂ ಆ ನೂಕಿಗೆ ಸುಲಭವಾಗಿ ಸೋಲುತ್ತದೆ.

ಹನ್ನೊಂದನೆಯ ಶತಮಾನದ ರೋಮನೆಸ್ಕ್ ಶೈಲಿಯ ಕಟ್ಟಡಗಾರರು ಇದಕ್ಕೆ ಕಂಡುಕೊಂಡ ಉಪಾಯ ದಪ್ಪ ಗೋಡೆ. ಅರ್ಧ ಉರುಳೆಯಂತಿರುವ ಕಮಾನುಛಾವಣಿ ಉದ್ದಕ್ಕೂ ಒಂದೇ ಸಮನೆ ನೂಕುತ್ತದೆಯಾದುದರಿಂದ ಗೋಡೆಯಲ್ಲಿ ಎಲ್ಲಿಯೂ ದೊಡ್ಡ ಕಿಟಕಿ ತೆರೆಯುವಂತಿಲ್ಲ. ಆದುದರಿಂದಲೇ ಆ ಕಾಲದ ಇಗರ್ಜಿಗಳಲ್ಲಿ ಕೋಟೆಯ ಗಾಂಭೀರ್ಯವೂ ಗುಹೆಯ ಕತ್ತಲೆಯೂ ಒಟ್ಟಿಗೆ ಕಂಡುಬರುತ್ತವೆ. ಆ ಕತ್ತಲೆಗೂ ಒಂದು ಸೌಂದರ್ಯವಿದೆಯೆಂಬುದನ್ನು ಮರೆಯಬಾರದು. ಗಾಥಿಕ್ ಶೈಲಿಯನ್ನು ಹೊಗಳುವ ಉತ್ಸಾಹದಲ್ಲಿ ರೋಮನೆಸ್ಕ್ ಶೈಲಿಯನ್ನು ಬರಿಯ ಪೂರ್ವಸಿದ್ಧತೆಯೆಂದು ಕಾಣುವ ವಾಡಿಕೆ ನ್ಯಾಯವಾದುದಲ್ಲ. ಇಂಗ್ಲೆಂಡಿನ ಡರಮ್ ಕೆಥೆಡ್ರಲಿನ (ಪ್ರಾರಂಭ 1093) ದಪ್ಪ ದುಂಡುಕಂಬಗಳ ಮುಂದೆ ನಿಂತವರು ಯಾರೂ ಹಾಗೆ ಹೇಳಲಾರರು. ಆ ಡರಮಿನಲ್ಲಿಯೇ ಹೊಸ ಉಪಾಯವೊಂದರ ಮೊಳಕೆಯೂ ಇದೆ. ಅಲ್ಲಿ ಛಾವಣಿಯನ್ನು ಚೌಕಗಳಾಗಿ ವಿಂಗಡಿಸಿ, ಮೂಲೆಯಿಂದ ಮೂಲೆಗೆ ಕಲ್ಲಿನ ಪಕ್ಕೆಲುಬುಗಳನ್ನು ಹಾಯಿಸಿ, ನಡುವಣ ಜಾಗವನ್ನು ಕಲ್ಲಿನಿಂದ ತುಂಬಲಾಗಿದೆ. ಈ ಕ್ರಮದಲ್ಲಿ ನೂಕು ಗೋಡೆಯುದ್ದಕ್ಕೂ ಹಂಚಿಹೋಗದೆ ನಾಲ್ಕು ಮೂಲೆಗಳಿಗೆ ಬಂದು ಸೇರುತ್ತದೆ. ನೂಕು ಎಲ್ಲಿ ಬರುತ್ತದೆಯೆಂದು ತಿಳಿದ ಮೇಲೆ ಅಲ್ಲಿ ಮಾತ್ರ ಆನಿಕೆ ಕೊಟ್ಟರೆ ಸಾಕು. ಉಳಿದ ಗೋಡೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಇದರೊಂದಿಗೆ ಚೂಪುಕಮಾನು ಸೇರಿತು. ಅರ್ಧವೃತ್ತದ ಕಮಾನಿನ ಎತ್ತರ ಅದರ ಅಗಲದ ಅರ್ಧದಷ್ಟೇ ಇರಬೇಕು. ಚೂಪುಕಮಾನಿಗೆ ಈ ಕಟ್ಟಿಲ್ಲ. ಅಗಲ ಬೇರೆಬೇರೆಯಿದ್ದರೂ ತುದಿಗಳನ್ನು ಒಂದೇ ಮಟ್ಟಕ್ಕೆ ತರಬಹುದು, ಜೊತೆಗೆ ಅದರ ಹೊರನೂಕೂ ಕಡಿಮೆ. ಮೂರನೆಯದು, ಇಂಗ್ಲಿಷಿನಲ್ಲಿ ಫ್ಲೈಯಿಂಗ್ ಬಟ್ರೆಸ್ ಎಂದು ಕರೆಯುವ ಹಾರುಗಮಾನು. ನಡುವಣ ಅಂಕಣದ ಎತ್ತರದ ಗೋಡೆಗೆ ಒರಗಿಕೊಂಡು, ಪಕ್ಕದ ಮೊಗಸಾಲೆಯ ಮಾಡಿನ ಮೇಲೆ ಹಾದು, ಹೊರಗೆ ನಿಂತ ದಪ್ಪ ಕಂಬಗೋಡೆಗೆ ಭಾರವನ್ನು ಒಪ್ಪಿಸುವ ಅರ್ಧಕಮಾನು ಇದು. ಆ ಕಂಬಗೋಡೆಯ ನೆತ್ತಿಯ ಮೇಲೆ ಕಾಣುವ ಕಲ್ಲಿನ ಕಿರುಶಿಖರಗಳು ಬರಿಯ ಅಲಂಕಾರವೆಂದು ನೋಡುವವರಿಗೆ ತೋರುತ್ತದೆ. ಅವು ತಮ್ಮ ತೂಕದಿಂದ ಕಂಬಗೋಡೆಯ ತಲೆಯನ್ನು ಕೆಳಕ್ಕೆ ಅದುಮಿ ಹಿಡಿದು, ಪಕ್ಕದ ನೂಕಿಗೆ ಅಲ್ಲಿನ ಕಲ್ಲುಗಳು ಜಾರದಂತೆ ನೋಡಿಕೊಳ್ಳುತ್ತವೆ.

ಈ ಮೂರು ಅಂಗಗಳಲ್ಲಿ ಯಾವುದೂ ಒಬ್ಬನ ಆವಿಷ್ಕಾರವಲ್ಲ. ಅವುಗಳಲ್ಲಿ ಮೊದಲಿನ ಎರಡು ಹಿತವಾಗಿ ಒಂದೆಡೆ ಕೂಡಿಬಂದ ಆರಂಭದ ಪ್ರಸಿದ್ಧ ನಿದರ್ಶನ ಪ್ಯಾರಿಸಿನ ಹೊರವಲಯದ ಸೇಂಟ್ ಡೆನಿಸ್ ಮಠದ ಇಗರ್ಜಿ. ಫ್ರಾನ್ಸಿನ ದೊರೆಗಳ ಸಮಾಧಿಸ್ಥಾನವಾದ ಈ ಮಠದ ಅಧಿಪತಿ ಸುಗೇರ್ ಎಂಬಾತ ರಾಜನೀತಿಯಲ್ಲಿ ನಿಪುಣ. ಬೆಳಕಿನಲ್ಲಿ ದೈವತ್ವವನ್ನು ಕಾಣುವ ತತ್ತ್ವದಲ್ಲಿ ಆತನಿಗೆ ಅಪಾರ ಆಸಕ್ತಿ. 1144ರ ಜೂನ್ 11ರಂದು ಆತನು ಪುನರ್ನಿರ್ಮಿಸಿದ ಗರ್ಭಭಾಗದ ಪ್ರತಿಷ್ಠೆ ನಡೆಯಿತು. ದೊರೆ ಏಳನೆಯ ಲೂಯಿಯೊಡನೆ ನಾಡಿನ ಅನೇಕ ಬಿಷಪ್ಪರೂ ಬಂದಿದ್ದರು. ಸುತ್ತಲೂ ಗೋಡೆಯ ಬದಲು ಬಣ್ಣದ ಗಾಜು ಹೊಳೆಯುತ್ತಿದ್ದುದನ್ನು ಅವರು ನೋಡಿಹೋದರು. ಮುಂದಿನ ಕೆಲವೇ ದಶಕಗಳಲ್ಲಿ ಉತ್ತರ ಫ್ರಾನ್ಸಿನ ಊರೂರಿನಲ್ಲಿ ಇದೇ ಬಗೆಯ ಕಟ್ಟಡಗಳು ತಲೆಯೆತ್ತಿದವು. 1163ರ ಸುಮಾರಿಗೆ ಬಿಷಪ್ ಮಾರಿಸ್ ದ ಸುಲ್ಲಿಯ ಕಾಲದಲ್ಲಿ ನೋತ್ರ್ ದಾಮಿನ ಕೆಲಸ ಮೊದಲಾಯಿತು. ಗಾಥಿಕ್ ಎಂಬ ಹೆಸರು ಮಾತ್ರ ಆ ಕಾಲದ್ದಲ್ಲ. ನವೋದಯ ಕಾಲದ ಇಟಲಿಯವರು ಇದನ್ನು ಅನಾಗರಿಕ ಗಾಥ್ ಜನರ ಶೈಲಿಯೆಂದು ಹೀಗಳೆದು ಇಟ್ಟ ಹೆಸರು. ಬೈಗುಳವೇ ಕಾಲಕ್ರಮದಲ್ಲಿ ಬಿರುದಾಯಿತು.

ಶಾರ್ತ್ರ್: ಉರಿದು ಎದ್ದ ಊರು

ಪ್ಯಾರಿಸಿನ ನೈಋತ್ಯಕ್ಕಿರುವ ಶಾರ್ತ್ರ್ ಒಂದು ಸಣ್ಣ ಪಟ್ಟಣ. ಯೇಸುವಿನ ಜನನ ಕಾಲದಲ್ಲಿ ಮೇರಿಮಾತೆ ಧರಿಸಿದ್ದಳೆಂದು ನಂಬಲಾದ ವಸ್ತ್ರವೊಂದು ಅಲ್ಲಿಯ ಕೆಥೆಡ್ರಲಿನಲ್ಲಿದ್ದು, ದೂರದೂರದ ಯಾತ್ರಿಕರು ಬರುತ್ತಿದ್ದರು. 1194ರ ಜೂನ್ 10ರ ರಾತ್ರಿ ಊರಿಗೆ ಬೆಂಕಿಬಿದ್ದು ಕೆಥೆಡ್ರಲಿನ ಬಹುಭಾಗ ನಾಶವಾಯಿತು. ವಸ್ತ್ರವೂ ಸುಟ್ಟುಹೋಯಿತೆಂದು ಜನರು ಎದೆಗುಂದಿದರು. ಮೂರು ದಿನಗಳ ಮೇಲೆ ನೆಲಮಾಳಿಗೆಯಲ್ಲಿ ಅಡಗಿ ಬದುಕಿದ್ದ ಪಾದ್ರಿಗಳು ಅದನ್ನು ಹಿಡಿದುಕೊಂಡು ಹೊರಗೆ ಬಂದರೆಂದು ವೃತ್ತಾಂತವಿದೆ. ಮಾತೆಗೆ ಇನ್ನೂ ದೊಡ್ಡ ಮನೆ ಬೇಕಾಗಿರುವುದರಿಂದಲೇ ಹಳೆಯದು ಉರಿಯಿತೆಂದು ಪೋಪನ ಪ್ರತಿನಿಧಿ ಸಾರಿದನಂತೆ.

ಕೆಲಸ ಆಶ್ಚರ್ಯಕರ ವೇಗದಲ್ಲಿ ಸಾಗಿ, ಸುಮಾರು ಮೂವತ್ತು ವರ್ಷಗಳಲ್ಲಿ ಮುಖ್ಯ ಭಾಗಗಳು ಮುಗಿದವು. 16 ಮೀಟರ್ ಅಗಲ, ಸುಮಾರು 37 ಮೀಟರ್ ಎತ್ತರದ ನಡುಅಂಕಣ, ಅದನ್ನು ಹಿಡಿದು ನಿಲ್ಲಿಸುವ ಭಾರಿ ಹಾರುಗಮಾನುಗಳು, 1260ರಲ್ಲಿ ಪ್ರತಿಷ್ಠೆ. ಶಾರ್ತ್ರಿನ ನಿಜವಾದ ಸಂಪತ್ತು ಸುಮಾರು 2,600 ಚದರ ಮೀಟರಿನಷ್ಟು ಬಣ್ಣದ ಗಾಜು. ಅದರಲ್ಲಿ ಹೆಚ್ಚಿನದು ಹದಿಮೂರನೆಯ ಶತಮಾನದ್ದೇ. ಅಲ್ಲಿಯ ನೀಲಿ ಬಣ್ಣವನ್ನು ವರ್ಣಿಸಲು ಹೊರಟವರೆಲ್ಲ ಮಾತು ಸಾಲದೆ ಹಿಂದಿರುಗಿದ್ದಾರೆ. ಕೋಬಾಲ್ಟ್ ಬೆರೆಸಿ ಕಾಯಿಸಿದ ಗಾಜು ಅದು ಎನ್ನುವುದಷ್ಟನ್ನು ಇಲ್ಲಿ ಹೇಳಬಹುದು. ಕಿಟಕಿಗಳ ಕೆಳಭಾಗದಲ್ಲಿ ರೊಟ್ಟಿ ಸುಡುವವರು, ತುಪ್ಪಳದ ವ್ಯಾಪಾರಿಗಳು, ಚಮ್ಮಾರರು, ನಾಣ್ಯ ವಿನಿಮಯ ಮಾಡುವವರು ತಮ್ಮ ತಮ್ಮ ಕಸುಬಿನಲ್ಲಿ ತೊಡಗಿರುವ ಚಿತ್ರಗಳಿವೆ. ಆ ವೃತ್ತಿಸಂಘಗಳು ಕೊಟ್ಟ ಕಾಣಿಕೆಯ ಗುರುತು ಇವು ಎಂದು ಬಹುಕಾಲ ನಂಬಲಾಗಿತ್ತು. ಕಾಣಿಕೆ ಎಷ್ಟು, ಮಠಾಧಿಕಾರಿಗಳ ಒತ್ತಾಯದ ವಸೂಲಿ ಎಷ್ಟು ಎಂಬ ಬಗ್ಗೆ ಈಚಿನ ಇತಿಹಾಸಕಾರರಲ್ಲಿ ಒಮ್ಮತವಿಲ್ಲ.

ಈ ಗಾಜುಗಳನ್ನು 1918ರಲ್ಲಿಯೂ 1939ರಲ್ಲಿಯೂ ಯುದ್ಧಭಯದಿಂದ ಒಂದೊಂದಾಗಿ ಬಿಚ್ಚಿ ಸುರಕ್ಷಿತ ಸ್ಥಳಕ್ಕೆ ಸಾಗಿಸಲಾಯಿತು. 1944ರ ಆಗಸ್ಟ್ ತಿಂಗಳಲ್ಲಿ ಗೋಪುರದಲ್ಲಿ ಜರ್ಮನ್ ಸೈನಿಕರಿರುವರೆಂಬ ಗುಮಾನಿಯಿಂದ ಅಮೆರಿಕದ ಸೇನೆಯು ಕೆಥೆಡ್ರಲಿನ ಮೇಲೆ ಫಿರಂಗಿ ಹಾರಿಸುವುದರಲ್ಲಿತ್ತು. ವೆಲ್ಬೋರ್ನ್ ಗ್ರಿಫಿತ್ ಎಂಬ ಕರ್ನಲ್ ತಾನೇ ಒಳಹೊಕ್ಕು ನೋಡಿಬಂದು, ಅಲ್ಲಿ ಯಾರೂ ಇಲ್ಲವೆಂದು ತಿಳಿಸಿ ಆ ಆಜ್ಞೆಯನ್ನು ತಡೆದನು. ಅದೇ ದಿನ ಸಮೀಪದ ಹಳ್ಳಿಯಲ್ಲಿ ನಡೆದ ಕಾಳಗದಲ್ಲಿ ಅವನು ಮಡಿದನು.

ಕಟ್ಟಿದ ಕೈಗಳು

ಕಟ್ಟಡದ ಹೊಣೆ ಹೊತ್ತವನು ಮುಖ್ಯ ಮೇಸ್ತ್ರಿ. (ಕನ್ನಡದ 'ಮೇಸ್ತ್ರಿ' ಎಂಬ ಮಾತು 'ಇಗರ್ಜಿ'ಯಂತೆಯೇ ಪೋರ್ತುಗೀಸರಿಂದ ಬಂದುದು, ಮೂಲ ಲ್ಯಾಟಿನಿನ 'ಮಾಗಿಸ್ತೆರ್' ಎಂಬುದೇ ಮಧ್ಯಯುಗದಲ್ಲಿ ಈತನ ಬಿರುದು.) ನಕ್ಷೆ, ಕಲ್ಲಿನ ಆಯ್ಕೆ, ಕೂಲಿಯ ಬಟವಾಡೆ, ಎತ್ತುವ ಯಂತ್ರಗಳು ಎಲ್ಲವೂ ಅವನ ಹೊಣೆಯೇ. ಭಾರವಾದ ಕಲ್ಲುಗಳನ್ನು ಮೇಲೇರಿಸಲು ದೊಡ್ಡ ಮರದ ಗಾಲಿಯೊಳಗೆ ಆಳುಗಳು ನಡೆಯುತ್ತ ಹಗ್ಗವನ್ನು ಸುತ್ತುತ್ತಿದ್ದರು. ಚಳಿಗಾಲದಲ್ಲಿ ಸುಣ್ಣದ ಗಾರೆ ಹೆಪ್ಪುಗಟ್ಟಿ ಕೆಡುವುದರಿಂದ, ಅರೆಕಟ್ಟಿದ ಗೋಡೆಯ ತಲೆಗೆ ಹುಲ್ಲು ಗೊಬ್ಬರಗಳನ್ನು ಹೊದಿಸಿ ಕೆಲಸ ನಿಲ್ಲಿಸುತ್ತಿದ್ದರು. 1230ರ ಸುಮಾರಿನ ವಿಲ್ಲಾರ್ ದ ಒನ್ಕೂರ್ ಎಂಬಾತನ ಚರ್ಮದ ಹಾಳೆಗಳ ಚಿತ್ರಪುಸ್ತಕ ಉಳಿದುಬಂದಿದ್ದು, ಅದರಲ್ಲಿ ಯಂತ್ರಗಳು, ರೀಮ್ಸ್ ಕೆಥೆಡ್ರಲಿನ ಅಂಗಗಳು, ಲಾಂ ಕೆಥೆಡ್ರಲಿನ ಗೋಪುರ ಇವೆಲ್ಲ ಇವೆ. ಆ ಲಾಂ ಗೋಪುರಗಳ ಮೇಲೆ, ಸಂತರು ನಿಲ್ಲಬಹುದಾದ ಸ್ಥಳದಲ್ಲಿ, ಹದಿನಾರು ಎತ್ತುಗಳ ವಿಗ್ರಹಗಳು ಕೆಳಗೆ ಬಗ್ಗಿ ನೋಡುತ್ತಿವೆ. ಬೆಟ್ಟದ ಮೇಲಿನ ಆ ಊರಿಗೆ ಕಲ್ಲು ಎಳೆದು ತಂದ ಮೂಕಪ್ರಾಣಿಗಳಿಗೆ ಸಲ್ಲಿಸಿದ ಗೌರವವೆಂದು ಹೇಳುತ್ತಾರೆ. ಬಸವಣ್ಣನ ಗುಡಿಗಳನ್ನು ಕಟ್ಟಿದ ನಾಡಿನವರಿಗೆ ಇದು ವಿಚಿತ್ರವೆನಿಸದು.

ಮೇಸ್ತ್ರಿಯ ಬದುಕು ಎಷ್ಟು ಅಪಾಯಕರವಾಗಿತ್ತೆಂಬುದನ್ನು ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಸಂನ್ಯಾಸಿ ಜರ್ವೇಸ್ ಬರೆದಿಟ್ಟಿದ್ದಾನೆ. 1174ರಲ್ಲಿ ಅಲ್ಲಿಯ ಗರ್ಭಭಾಗ ಸುಟ್ಟುಹೋದಾಗ ಫ್ರಾನ್ಸಿನ ಸಾನ್ಸ್ ಊರಿನ ವಿಲಿಯಂ ಎಂಬ ಮೇಸ್ತ್ರಿಯನ್ನು ಆರಿಸಲಾಯಿತು. ಉಳಿದ ಕಂಬಗಳನ್ನೂ ಕೆಡವಲೇಬೇಕೆಂಬ ಕಹಿಸತ್ಯವನ್ನು ಅವನು ಒಮ್ಮೆಗೇ ಹೇಳದೆ, ದುಃಖದಲ್ಲಿದ್ದ ಸಂನ್ಯಾಸಿಗಳ ಮನಸ್ಸು ತಿಳಿಯಾಗುವವರೆಗೆ ಕಾದು ಹೇಳಿದನಂತೆ. ಒಳ್ಳೆಯ ವೈದ್ಯನ ಲಕ್ಷಣ ಇದು. 1178ರಲ್ಲಿ ದೊಡ್ಡ ಕಮಾನುಛಾವಣಿಯನ್ನು ಹೊಂದಿಸುವ ಸಿದ್ಧತೆಯಲ್ಲಿದ್ದಾಗ ಕಾಲಕೆಳಗಿನ ಸಾರುವೆಯ ತೊಲೆಗಳು ಮುರಿದು, ವಿಲಿಯಂ ಸುಮಾರು ಐವತ್ತು ಅಡಿ ಎತ್ತರದಿಂದ ಕಲ್ಲು ಮರಗಳೊಂದಿಗೆ ಕೆಳಗೆ ಬಿದ್ದನು. ಬೇರೆ ಯಾರಿಗೂ ಪೆಟ್ಟಾಗಲಿಲ್ಲ. ವೈದ್ಯರ ಆರೈಕೆಯಲ್ಲಿ ಹಾಸಿಗೆ ಹಿಡಿದವನು ಗುಣವಾಗುವ ಆಸೆಯಿಂದ ಮಲಗಿದಲ್ಲಿಂದಲೇ ಕೆಲಸ ನಡೆಸಿದ. ತನ್ನ ಕಣ್ಣು ಕೈಗಳಾಗಿ ಒಬ್ಬ ಚುರುಕಾದ ಸಂನ್ಯಾಸಿಯನ್ನು ನೇಮಿಸಿದುದರಿಂದ ಉಳಿದವರಿಗೆ ಹೊಟ್ಟೆಕಿಚ್ಚಾಯಿತೆಂಬುದನ್ನೂ ಜರ್ವೇಸ್ ಮರೆಮಾಚದೆ ಬರೆದಿದ್ದಾನೆ. ಕೊನೆಗೆ ಯಾವ ಚಿಕಿತ್ಸೆಯೂ ಫಲಿಸದೆ ವಿಲಿಯಂ ಕೆಲಸ ಬಿಟ್ಟು ಸ್ವದೇಶಕ್ಕೆ ಮರಳಿದನು. ಇನ್ನೊಬ್ಬ ವಿಲಿಯಂ, ಈತ ಇಂಗ್ಲಿಷಿನವನು, 1184ರ ಹೊತ್ತಿಗೆ ಅದನ್ನು ಮುಗಿಸಿದನು.

ಹಣದ ಮೂಲವೂ ಸದಾ ಭಕ್ತಿಯೇ ಆಗಿರಲಿಲ್ಲ. ಫ್ರಾನ್ಸಿನ ದೊರೆಗಳಿಗೆ ಪಟ್ಟ ಕಟ್ಟುತ್ತಿದ್ದ ರೀಮ್ಸ್ ಕೆಥೆಡ್ರಲ್ 1211ರಲ್ಲಿ ಪ್ರಾರಂಭವಾಯಿತಷ್ಟೆ. 1233ರಲ್ಲಿ ಅಲ್ಲಿಯ ಪೌರರು ಆರ್ಚ್‌ಬಿಷಪ್ಪನ ಆಡಳಿತದ ವಿರುದ್ಧ ದಂಗೆಯೆದ್ದರು. ಧರ್ಮಾಧಿಕಾರಿಗಳು ಊರು ಬಿಟ್ಟು ಹೋಗಬೇಕಾಯಿತು, ಕಟ್ಟಡದ ಕೆಲಸ ನಿಂತಿತು. ಮಧ್ಯಯುಗದ ಜನರೆಲ್ಲ ಹಾಡುತ್ತ ಕಲ್ಲು ಹೊತ್ತರೆಂಬ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡವರು ಈ ಘಟನೆಯನ್ನೂ ಅದರ ಪಕ್ಕದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಸ್ಟ್ರಾಸ್‌ಬರ್ಗಿನ ಬಾಗಿಲಲ್ಲಿ ಜಯಶಾಲಿನಿಯಾದ ಕ್ರೈಸ್ತಧರ್ಮದ ಎದುರಿಗೆ ಕಣ್ಣಿಗೆ ಬಟ್ಟೆ ಕಟ್ಟಿದ, ಮುರಿದ ದಂಡ ಹಿಡಿದ ಯಹೂದ್ಯಧರ್ಮದ ಪ್ರತಿಮೆಯಿದೆ. ಶಿಲ್ಪ ಅಪ್ರತಿಮ, ಅದರ ಹಿಂದಿನ ಮನೋಭಾವ ಹಾಗಲ್ಲ.

ಬೋವೆ: ಎತ್ತರದ ಹುಚ್ಚು

ಒಂದು ಊರಿಗಿಂತ ಇನ್ನೊಂದು ಊರು ಮೇಲೆ ಹೋಗಬೇಕೆಂಬ ಸ್ಪರ್ಧೆ ಬೆಳೆಯಿತು. ನೋತ್ರ್ ದಾಮಿನ ಕಮಾನುಛಾವಣಿ 33 ಮೀಟರ್, ರೀಮ್ಸಿನದು 38, ಏಮಿಯೇಂ ನಗರದ್ದು 42. ಬೋವೆ ಊರಿನವರು 48 ಮೀಟರಿಗೆ ಕೈಯಿಟ್ಟರು. 1225ರಲ್ಲಿ ಪ್ರಾರಂಭವಾದ ಗರ್ಭಭಾಗ 1272ರಲ್ಲಿ ಮುಗಿಯಿತು; ಹನ್ನೆರಡು ವರ್ಷಗಳ ಮೇಲೆ, 1284ರಲ್ಲಿ, ಕಮಾನುಛಾವಣಿಯ ಒಂದು ಭಾಗ ಕುಸಿಯಿತು. ಏಕೆ ಕುಸಿಯಿತೆಂಬುದಕ್ಕೆ ವಿದ್ವಾಂಸರು ಬೇರೆಬೇರೆ ಕಾರಣ ಹೇಳುತ್ತಾರೆ. ಸುಣ್ಣದ ಗಾರೆ ಬಹಳ ನಿಧಾನವಾಗಿ ಗಟ್ಟಿಯಾಗುವುದರಿಂದ ವರ್ಷಗಳುದ್ದಕ್ಕೂ ಕಟ್ಟಡ ಸ್ವಲ್ಪ ಸ್ವಲ್ಪವೇ ಕುಗ್ಗಿ ತೆಳುಗಂಬಗಳ ಮೇಲೆ ಭಾರ ಬಿದ್ದಿತೆಂಬುದು ಒಂದು ಮತ. ಬಿರುಗಾಳಿಯ ಒತ್ತಡದಿಂದ ಹೊರಗಿನ ಆನಿಕೆಗಳ ನಡುಗಂಬ ಬಿರಿಯಿತೆಂಬುದು ಇನ್ನೊಂದು. ಕಲ್ಲು ಪುಡಿಯಾಗಿ ಬಿದ್ದುದಂತೂ ಅಲ್ಲ. ಕೇಂಬ್ರಿಜಿನ ಎಂಜಿನಿಯರ್ ಪ್ರಾಧ್ಯಾಪಕ ಜಾಕ್ ಹೇಮನ್ ತೋರಿಸಿಕೊಟ್ಟಂತೆ, ಇಂತಹ ಕಟ್ಟಡಗಳಲ್ಲಿ ಕಲ್ಲಿನ ಮೇಲೆ ಬೀಳುವ ಒತ್ತಡ ಅದು ತಾಳಬಲ್ಲುದಕ್ಕಿಂತ ಬಹು ಕಡಿಮೆ. ಕಟ್ಟಡ ನಿಲ್ಲುವುದೂ ಬೀಳುವುದೂ ಆಕಾರದ ಪ್ರಶ್ನೆ. ಭಾರ ಹರಿಯುವ ದಾರಿ ಕಲ್ಲಿನ ಒಳಗೇ ಇರಬೇಕು. ಲೆಕ್ಕಶಾಸ್ತ್ರ ತಿಳಿಯದ ಮೇಸ್ತ್ರಿಗಳು ಬರಿಯ ಪ್ರಮಾಣಸೂತ್ರಗಳಿಂದ ಇಷ್ಟು ಸಾಧಿಸಿದುದರ ಗುಟ್ಟು ಇದು.

ಬೋವೆಯವರು ಹಳೆಯ ಕಂಬಗಳ ನಡುನಡುವೆ ಹೊಸ ಕಂಬಗಳನ್ನು ನಿಲ್ಲಿಸಿ ಗರ್ಭಭಾಗವನ್ನು ಮತ್ತೆ ಕಟ್ಟಿದರು. ಮುಂದೆ ಯುದ್ಧ, ಬಡತನಗಳು ಅಡ್ಡಬಂದು, ಹದಿನಾರನೆಯ ಶತಮಾನದಲ್ಲಿ ಅಡ್ಡತೋಳುಗಳು ಎದ್ದವು. ಆಗ ಒಂದು ಆಯ್ಕೆ ಎದುರಾಯಿತು. ಜನ ಸೇರುವ ನಡುಅಂಕಣವನ್ನು ಕಟ್ಟಿದರೆ ಕಟ್ಟಡಕ್ಕೆ ಪಶ್ಚಿಮದಿಂದ ಆಸರೆ ದೊರೆಯುತ್ತಿತ್ತು. ಅದನ್ನು ಬಿಟ್ಟು ಅವರು ನಡುವೆ ಗೋಪುರವನ್ನು ಎತ್ತಿದರು. 1569ರಲ್ಲಿ ಮುಗಿದ ಅದರ ಎತ್ತರ 153 ಮೀಟರ್. ಎರಡು ವರ್ಷಗಳಲ್ಲಿಯೇ ಕಂಬಗಳು ಪಶ್ಚಿಮಕ್ಕೆ ವಾಲುತ್ತಿರುವುದನ್ನು ಕಂಡು ಪರೀಕ್ಷಕರು ಎಚ್ಚರಿಸಿದರು. ಆಡಳಿತದವರು ಚರ್ಚಿಸುತ್ತ ಕಾಲಕಳೆದರು. 1573ರ ಏಪ್ರಿಲ್ 30ರಂದು, ಯೇಸುವಿನ ಸ್ವರ್ಗಾರೋಹಣದ ಹಬ್ಬದ ದಿನ, ಭಕ್ತರು ಮೆರವಣಿಗೆಯಲ್ಲಿ ಹೊರಗೆ ಹೋದ ಮೇಲೆ ಗೋಪುರವು ಕುಸಿದು ನೆಲ ಸೇರಿತು. ನಡುಅಂಕಣವನ್ನು ಕಟ್ಟುವ ಶಕ್ತಿ ಆ ಊರಿಗೆ ಮತ್ತೆ ಬರಲಿಲ್ಲ. ಅದು ಇರಬೇಕಾಗಿದ್ದ ಸ್ಥಳದಲ್ಲಿ, ಕೆಡವಲೆಂದು ಗೊತ್ತುಮಾಡಿದ್ದ ಹತ್ತನೆಯ ಶತಮಾನದ ಪುಟ್ಟ ಹಳೆಯ ಇಗರ್ಜಿಯ ಭಾಗ ಇಂದಿಗೂ ಸುಖವಾಗಿ ನಿಂತಿದೆ. 1960ರ ದಶಕದಲ್ಲಿ ಹಾರುಗಮಾನುಗಳ ನಡುವಣ ಹಳೆಯ ಕಬ್ಬಿಣದ ಸರಳುಗಳನ್ನು ಅನವಶ್ಯಕವೆಂದು ತೆಗೆದಾಗ ಗಾಳಿಗೆ ಅಲುಗಾಟ ಕಾಣಿಸಿ, ಉಕ್ಕಿನ ಸರಳುಗಳನ್ನು ಹಾಕಬೇಕಾಯಿತು.

ಗುಮ್ಮಟಗಳು, ಬಾಕಿ ಉಳಿದ ಕೆಲಸಗಳು

ಇಟಲಿಯವರಿಗೆ ಹಾರುಗಮಾನು ಊರುಗೋಲಿನಂತೆ ಕಂಡಿತು. ಫ್ಲಾರೆನ್ಸಿನವರು 1296ರಲ್ಲಿ ಪ್ರಾರಂಭಿಸಿದ ಕೆಥೆಡ್ರಲಿನ ನಡುವೆ ಸುಮಾರು 45 ಮೀಟರ್ ಅಗಲದ ಎಂಟುಮೂಲೆಯ ಬಾಯಿಯನ್ನು ತೆರೆದಿಟ್ಟು, ಅದನ್ನು ಮುಚ್ಚುವುದು ಹೇಗೆಂದು ತಿಳಿಯದೆ ದಶಕಗಳನ್ನು ಕಳೆದರು. 1420ರಿಂದ 1436ರವರೆಗೆ ಬ್ರುನೆಲ್ಲೆಸ್ಕಿಯು ನೆಲದಿಂದ ಆಧಾರದ ಮರಗೆಲಸವಿಲ್ಲದೆಯೇ, ಇಟ್ಟಿಗೆಗಳನ್ನು ಹೆಣಿಗೆಯಂತೆ ಜೋಡಿಸುತ್ತ, ಒಂದರೊಳಗೊಂದು ಎರಡು ಚಿಪ್ಪುಗಳ ಗುಮ್ಮಟವನ್ನು ಕಟ್ಟಿದನು. ರೋಮಿನ ಸಂತ ಪೀಟರನ ಗುಮ್ಮಟವು (1590) ಬಿರುಕುಬಿಟ್ಟಾಗ 1740ರ ದಶಕದಲ್ಲಿ ಗಣಿತಜ್ಞರನ್ನು ಕರೆಸಿ, ಕಬ್ಬಿಣದ ಬಳೆಗಳನ್ನು ತೊಡಿಸಲಾಯಿತು. ತೂಗುಬಿಟ್ಟ ಸರಪಳಿಯ ಆಕಾರವನ್ನು ತಲೆಕೆಳಗು ಮಾಡಿದರೆ ಕಮಾನಿನ ಸಹಜ ಆಕಾರ ದೊರೆಯುತ್ತದೆಂದು ಲಂಡನ್ನಿನ ರಾಬರ್ಟ್ ಹುಕ್ 1670ರ ದಶಕದಲ್ಲಿಯೇ ಕಂಡುಕೊಂಡಿದ್ದನು. ಅವನ ಮಿತ್ರ ಕ್ರಿಸ್ಟಫರ್ ರೆನ್ ಆಗ ಸಂತ ಪಾಲನ ಕೆಥೆಡ್ರಲನ್ನು ಕಟ್ಟುತ್ತಿದ್ದನು.

ಜರ್ಮನಿಯ ಕೊಲೋನ್ ಕೆಥೆಡ್ರಲಿನದು ತಾಳ್ಮೆಯ ಕಥೆ. 1248ರಲ್ಲಿ ಅಡಿಗಲ್ಲು, ಹದಿನಾರನೆಯ ಶತಮಾನದಲ್ಲಿ ಕೆಲಸ ಸ್ಥಗಿತ, ಅರ್ಧ ಕಟ್ಟಿದ ಗೋಪುರದ ಮೇಲೆ ಮರದ ಕ್ರೇನ್ ಮುನ್ನೂರು ವರ್ಷ ಹಾಗೆಯೇ ನಿಂತಿತ್ತು. ಕಳೆದುಹೋಗಿದ್ದ ಮುಂಭಾಗದ ಮೂಲ ನಕ್ಷೆಯ ಭಾಗಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಸಿಕ್ಕಿ, 1842ರಲ್ಲಿ ಕೆಲಸ ಮರಳಿ ಮೊದಲಾಗಿ 1880ರಲ್ಲಿ ಪೂರ್ಣವಾಯಿತು. 157 ಮೀಟರಿನ ಅದರ ಜೋಡಿ ಶಿಖರಗಳ ನೆರಳು ಮೈಸೂರಿನವರೆಗೂ ಬಿದ್ದಿದೆ: 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ ಸಂತ ಫಿಲೋಮಿನಾ ಇಗರ್ಜಿಯ ಜೋಡಿ ಶಿಖರಗಳಿಗೆ ಕೊಲೋನ್ ಮಾದರಿಯೆಂಬುದು ಪ್ರಸಿದ್ಧ. ಮುಂಬಯಿಯ ಕನ್ನಡಿಗರು ದಿನವೂ ಹಾದುಹೋಗುವ ಹಳೆಯ ವಿಕ್ಟೋರಿಯಾ ಟರ್ಮಿನಸ್ ನಿಲ್ದಾಣದ ಚೂಪುಕಮಾನುಗಳೂ ಇದೇ ವಂಶಕ್ಕೆ ಸೇರಿದವು.

ನೀರಿನೊಳಗಿನ ಆರು ವರ್ಷ

ಬೆಂಕಿ, ಗಾಳಿಗಳಂತೆ ನೀರೂ ಶತ್ರುವೇ. ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲಿನ ಪೂರ್ವಭಾಗವನ್ನು ಜೌಗುನೆಲದಲ್ಲಿ ಬೀಚ್ ಮರದ ದಿಮ್ಮಿಗಳ ಹಾಸಿನ ಮೇಲೆ ಕಟ್ಟಲಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಗೋಡೆಗಳು ಕುಸಿಯುತ್ತ ಬಿರುಕುಬಿಟ್ಟವು. ತಳಪಾಯವನ್ನು ಗಟ್ಟಿಮಾಡಲು ಗುಂಡಿ ತೋಡಿದರೆ ನೀರು ನುಗ್ಗುತ್ತಿತ್ತು. ನೀರನ್ನು ಪಂಪಿನಿಂದ ಹೊರಹಾಕಿದರೆ ಕಟ್ಟಡವೇ ಬೀಳುವ ಭಯ. ಆಗ ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ಮುಳುಗುಗಾರನನ್ನು ಇಳಿಸುವ ಸಲಹೆ ಕೊಟ್ಟನು. ವಿಲಿಯಂ ವಾಕರ್ ಎಂಬ ಮುಳುಗುಗಾರ 1906ರಿಂದ 1911ರವರೆಗೆ, ಭಾರವಾದ ಉಡುಪು ಧರಿಸಿ, ದಿನಕ್ಕೆ ಸುಮಾರು ಆರು ಗಂಟೆಗಳ ಕಾಲ, ಏನೂ ಕಾಣದ ಕೆಸರುನೀರಿನ ಕತ್ತಲೆಯಲ್ಲಿ ಕೈಯಿಂದ ತಡವಿ ತಡವಿ ಕಾಂಕ್ರೀಟ್ ಚೀಲಗಳನ್ನು ಗೋಡೆಯ ಕೆಳಗೆ ಇಟ್ಟನು. ಅವನು ಇಟ್ಟ ಚೀಲಗಳು 25,000ಕ್ಕೂ ಹೆಚ್ಚು. ಹೀಗೆ ನೀರಿನ ದಾರಿ ಮುಚ್ಚಿದ ಮೇಲೆ ಉಳಿದವರು ಮೇಲಿನ ಕೆಲಸ ಮಾಡಿದರು. ಅಷ್ಟು ವರ್ಷ ಶ್ಮಶಾನದ ಪಕ್ಕದ ನೀರಿನಲ್ಲಿ ಕೆಲಸ ಮಾಡಿ ಬದುಕಿದ್ದವನನ್ನು 1918ರ ಇನ್‌ಫ್ಲುಯೆಂಜಾ ಮಹಾಮಾರಿ ಒಯ್ದಿತು. ಅವನ ನೆನಪಿಗೆಂದು ಮಾಡಿಸಿದ ಪ್ರತಿಮೆಯಲ್ಲಿ ಭಾವಚಿತ್ರದ ಗೊಂದಲದಿಂದ ಎಂಜಿನಿಯರ್ ಫಾಕ್ಸನ ಮುಖ ಮೂಡಿತು; 2001ರಲ್ಲಿ ಆ ತಪ್ಪನ್ನು ತಿದ್ದಿ ವಾಕರನ ಹೊಸ ಪ್ರತಿಮೆಯನ್ನು ಇರಿಸಿದರು.

ನೋತ್ರ್ ದಾಮಿನ ಪುನರ್ನಿರ್ಮಾಣ

2019ರಲ್ಲಿ ಬಿದ್ದ ಶಿಖರ ಮಧ್ಯಯುಗದ್ದೇ ಎಂದು ಅನೇಕರು ತಿಳಿದಿದ್ದರು. ಅದು 1859ರದ್ದು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಹಾಳುಬಿದ್ದಿದ್ದ ಈ ಕಟ್ಟಡದತ್ತ ವಿಕ್ಟರ್ ಹ್ಯೂಗೋನ 1831ರ ಕಾದಂಬರಿಯು ಜನರ ಕಣ್ಣು ತೆರೆಸಿದ ಮೇಲೆ ವಿಯೋಲೆ ಲ ದ್ಯುಕ್ ಎಂಬ ವಾಸ್ತುಶಿಲ್ಪಿ ಅದನ್ನು ಜೀರ್ಣೋದ್ಧಾರ ಮಾಡಿ, ತನ್ನ ಕಲ್ಪನೆಯ ಶಿಖರವನ್ನು ಸೇರಿಸಿದ್ದನು. ಆದುದರಿಂದಲೇ ಬೆಂಕಿಯ ನಂತರ ವಾದ ಎದ್ದಿತು: ಹಿಂದಿನವನು ತನ್ನ ಕಾಲದ ಶಿಖರವನ್ನು ಕಟ್ಟಿದಂತೆ ಈಗ ನಮ್ಮ ಕಾಲದ್ದನ್ನು ಕಟ್ಟಬಾರದೇಕೆ ಎಂದು ಕೆಲವರು, ಇದ್ದುದನ್ನು ಇದ್ದಂತೆಯೇ ಕಟ್ಟಬೇಕೆಂದು ಉಳಿದವರು. 2020ರ ಜುಲೈಯಲ್ಲಿ ಎರಡನೆಯ ಪಕ್ಷ ಗೆದ್ದಿತು. ದೈವಯೋಗದಿಂದ ಶಿಖರದ ಬುಡದಲ್ಲಿದ್ದ ಹದಿನಾರು ತಾಮ್ರದ ಪ್ರತಿಮೆಗಳನ್ನು ಬೆಂಕಿಗೆ ನಾಲ್ಕು ದಿನ ಮೊದಲಷ್ಟೇ ರಿಪೇರಿಗೆಂದು ಕೆಳಗಿಳಿಸಲಾಗಿತ್ತು. ಆಂಡ್ರೂ ಟ್ಯಾಲನ್ ಎಂಬ ಅಮೆರಿಕದ ಕಲಾ ಇತಿಹಾಸಕಾರ ಲೇಸರ್ ಕಿರಣಗಳಿಂದ ಇಡೀ ಕಟ್ಟಡವನ್ನು ಅಳೆದಿಟ್ಟಿದ್ದನು. ಬೆಂಕಿಗೆ ಕೆಲವು ತಿಂಗಳ ಮೊದಲು, 2018ರಲ್ಲಿ, ಅವನು ತೀರಿಕೊಂಡಿದ್ದನು.

ಸುಮಾರು 2,000 ಓಕ್ ಮರಗಳನ್ನು ಆರಿಸಿ ಕಡಿದು, ನಡುಅಂಕಣ ಮತ್ತು ಗರ್ಭಭಾಗಗಳ ತೊಲೆಗಳನ್ನು ಮಧ್ಯಯುಗದ ಕ್ರಮದಲ್ಲಿ ಕೈಕೊಡಲಿಯಿಂದಲೇ ಕೆತ್ತಲಾಯಿತು. ಕಲ್ಲುಗಳನ್ನು ಹೊರತೆಗೆದು ಪರೀಕ್ಷಿಸಿದ್ದರಿಂದ ಹೊಸ ಸಂಗತಿಯೊಂದು ತಿಳಿಯಿತು. ಕಲ್ಲಿಗೆ ಕಲ್ಲನ್ನು ಬಂಧಿಸಲು ಕಬ್ಬಿಣದ ಕೊಕ್ಕೆಗಳನ್ನು 1160ರ ದಶಕದಿಂದಲೇ ಇಲ್ಲಿ ಹೇರಳವಾಗಿ ಬಳಸಿದ್ದರೆಂದು 2023ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕಲ್ಲೇ ಕಲ್ಲನ್ನು ಹಿಡಿದಿತ್ತೆಂಬ ನಂಬಿಕೆಗೆ ಇದೊಂದು ತಿದ್ದುಪಡಿ. 2024ರ ಡಿಸೆಂಬರ್ 7ರಂದು ಕೆಥೆಡ್ರಲ್ ಮತ್ತೆ ತೆರೆಯಿತು. ಕೆಲಸದ ಮುಖ್ಯಸ್ಥನಾಗಿದ್ದ ಜನರಲ್ ಜೋರ್ಜೆಲ್ಯಾಂ ಅದನ್ನು ನೋಡಲಿಲ್ಲ. 2023ರ ಆಗಸ್ಟಿನಲ್ಲಿ ಬೆಟ್ಟದಲ್ಲಿ ನಡೆದ ಅಪಘಾತದಲ್ಲಿ ಅವರು ತೀರಿಕೊಂಡಿದ್ದರು.

ಆರೋಗ್ಯದ ದೃಷ್ಟಿಯಿಂದ ಹೇಳಬೇಕಾದ ಒಂದು ವಿಷಯ ಉಳಿದಿದೆ. ಸುಟ್ಟ ಛಾವಣಿ, ಶಿಖರಗಳ ಹೊದಿಕೆ ನಾನೂರು ಟನ್ನಿಗೂ ಮಿಕ್ಕ ಸೀಸ. ಸೀಸ ಕೇವಲ 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ. ಅದರ ಸೂಕ್ಷ್ಮ ಧೂಳು ಹೊಗೆಯೊಂದಿಗೆ ಸುತ್ತಲಿನ ಬೀದಿಗಳಲ್ಲಿ ಹರಡಿತು. ಸೀಸವು ಸಣ್ಣ ಪ್ರಮಾಣದಲ್ಲಿ ದೇಹ ಸೇರಿದರೂ ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಕರ. ನೆಲವನ್ನು ಮುಟ್ಟಿದ ಕೈಯನ್ನು ಬಾಯಿಗಿಡುವ ಅಭ್ಯಾಸವುಳ್ಳ ವಯಸ್ಸೇ ಹೆಚ್ಚು ಅಪಾಯದ್ದು. ಆ ಪ್ರದೇಶದ ಮಕ್ಕಳ ರಕ್ತಪರೀಕ್ಷೆ ನಡೆಯಿತು, ಶಾಲೆಗಳನ್ನು ತೊಳೆಸಲಾಯಿತು, 2019ರ ಜುಲೈ ಕೊನೆಯಿಂದ ಕೆಲವು ವಾರ ಕೆಲಸವನ್ನೇ ನಿಲ್ಲಿಸಿ ಕೆಲಸಗಾರರ ರಕ್ಷಣೆಯ ನಿಯಮಗಳನ್ನು ಬಿಗಿಗೊಳಿಸಲಾಯಿತು. ಇಷ್ಟಾದರೂ ಹೊಸ ಛಾವಣಿಗೆ ಹಿಂದಿನಂತೆ ಸೀಸವನ್ನೇ ಹೊದಿಸಲಾಗಿದೆ. ಆರೋಗ್ಯಪರ ಸಂಘಗಳು ವಿರೋಧಿಸಿದವು. ಪರಂಪರೆಯ ರಕ್ಷಕರು ಒಪ್ಪಲಿಲ್ಲ. ಅದರ ಕೆಳಗಿನ ಅಟ್ಟದಲ್ಲಿ ಈಗ ಬೆಂಕಿಯ ಸುಳಿವು ಸಿಕ್ಕಿದೊಡನೆ ನೀರಿನ ಮಂಜನ್ನು ಸಿಂಪಡಿಸುವ ನಳಿಗೆಗಳು ಹಾದುಹೋಗಿವೆ.